ಏರು, ಹತ್ತು ಮತ್ತು ನಡುವಿನ ಅಲ್ಪವಿರಾಮ: ಇಂಗ್ಲಿಷಿನ ‘ಕ್ಲೈಂಬ್’ ಕುರಿತು

(ಧಾರವಾಡದಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

‘ಐ ಕ್ಲೈಂಬ್ಡ್ ದ ಬಸ್ ಅಟ್ ಸಿಬಿಟಿ.’ ಹುಬ್ಬಳ್ಳಿ-ಧಾರವಾಡದಲ್ಲಿ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದಿದವರಿಗೆ ಈ ಜಾತಿಯ ವಾಕ್ಯ ಹೊಸದಲ್ಲ. ಹುಡುಗನನ್ನು ಬೈದು ಉಪಯೋಗವಿಲ್ಲ. ಅವನು ಸಿಬಿಟಿಯಲ್ಲಿ, ಅಂದರೆ ನಗರ ಬಸ್ ನಿಲ್ದಾಣದಲ್ಲಿ, ಬಸ್ ಹತ್ತಿದ್ದು ಖರೆ, ಗೈಡಿನಲ್ಲಿ ‘ಕ್ಲೈಂಬ್ ಅಂದರೆ ಏರು, ಹತ್ತು’ ಅಂತ ಅಚ್ಚಾಗಿದ್ದೂ ಖರೆ. ಎರಡನ್ನೂ ಕೂಡಿಸಿ ಬರೆದಿದ್ದಾನೆ. ಆದರೆ ಇಂಗ್ಲಿಷ್ ಮನೆಮಾತಿನವರು ಇದನ್ನು ಓದಿದರೆ ಅವರ ಕಣ್ಣಿಗೆ ಕಟ್ಟುವುದೇ ಬೇರೆ: ಹುಡುಗ ಕಿಟಕಿ ಸರಳಿಗೆ ಕಾಲು ಕೊಟ್ಟು, ಹಿಂದಿನ ಏಣಿ ಹಿಡಿದು, ಬಸ್ಸಿನ ಟಾಪಿನ ಮೇಲೆ ಹೋಗಿ ಕೂತಿದ್ದಾನೆ. ಜಾತ್ರೆ ಸೀಜನ್ನಿನಲ್ಲಿ ನಮ್ಮ ಕಡೆ ಅದೂ ನಡೆಯುತ್ತಿತ್ತು ಅನ್ನಿ, ಆ ಮಾತು ಬೇರೆ.

ಗೈಡಿನ ಆ ‘ಏರು, ಹತ್ತು’ ನಡುವೆ ಒಂದು ಅಲ್ಪವಿರಾಮ ಇದೆಯಲ್ಲ, ಇವತ್ತು ನಾನು ಮಾತಾಡುವುದು ಅದರ ಬಗ್ಗೆಯೇ. ಅಲ್ಪವಿರಾಮ ಹಾಕಿದವರು ಎರಡೂ ಒಂದೇ, ಯಾವುದನ್ನಾದರೂ ಬಳಸಿರಿ ಅನ್ನುತ್ತಾರೆ. ನನ್ನ ವಾದ ಬೇರೆ. ಕ್ಲೈಂಬ್ ಅನ್ನುವ ಪದದೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ಮೇಲೆ ಹೋಗುವುದು, ಇನ್ನೊಂದು ಹಿಡಿದುಕೊಳ್ಳುವುದು. ಕನ್ನಡ ಇವೆರಡನ್ನೂ ಎರಡು ಪದಗಳಿಗೆ ಹಂಚಿಕೊಟ್ಟಿದೆ, ಇಂಗ್ಲಿಷ್ ಒಂದರಲ್ಲೇ ತುಂಬಿದೆ. ಇದನ್ನು ಹಿಡಿದುಕೊಂಡರೆ ಕ್ಲೈಂಬ್ ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಅನ್ನುವುದು ಬಾಯಿಪಾಠ ಮಾಡದೆಯೇ ಗೊತ್ತಾಗುತ್ತದೆ.

ಮೊದಲು ಉಚ್ಚಾರ ಮುಗಿಸಿಬಿಡೋಣ. ನಾವು ಕ್ಲೈಂಬ್ ಅಂತ ಬರೆಯುತ್ತೇವೆ, ಇವತ್ತು ನಾನೂ ಹಾಗೇ ಅನ್ನುತ್ತೇನೆ, ಆದರೆ ಕೊನೆಯ ಬಕಾರಕ್ಕೆ ಇಂಗ್ಲಿಷಿನಲ್ಲಿ ದನಿ ಇಲ್ಲ. ‘ಕ್ಲೈಮ್’ ಅಷ್ಟೇ. ವಿಮೆಯದು ‘ಕ್ಲೇಮ್’, ಅದನ್ನೂ ಇದನ್ನೂ ಬೆರೆಸಬೇಡಿ. ಒಂದು ಕಾಲಕ್ಕೆ ಆ ಬ ನಿಜವಾಗಿ ಕೇಳಿಸುತ್ತಿತ್ತು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಪದದ ರೂಪ ‘ಕ್ಲಿಂಬನ್’. ಲ್ಯಾಂಬ್, ಕೋಂಬ್, ಡಂಬ್ ಇವುಗಳದೂ ಅದೇ ಕಥೆ: ದನಿ ಹೋಯಿತು, ಅಕ್ಷರ ಉಳಿಯಿತು. ಹೆಬ್ಬೆರಳಿನ ‘ಥಂಬ್’ ಕಥೆ ತಮಾಷೆಯದು. ಹಳೆಯ ರೂಪದಲ್ಲಿ ಅದಕ್ಕೆ ಬ ಇರಲೇ ಇಲ್ಲ, ಆಮೇಲೆ ಬಂದು ಸೇರಿಕೊಂಡಿತು. ಕ್ಲಿಂಬನ್‌ನ ಭೂತಕಾಲವೂ ಸಿಂಗ್-ಸ್ಯಾಂಗ್-ಸಂಗ್ ದಾರಿಯಲ್ಲೇ ಒಳಗಿನ ಸ್ವರ ಬದಲಿಸಿಕೊಂಡು ನಡೆಯುತ್ತಿತ್ತು. ಇಂಗ್ಲಿಷ್ ಹಳೆಯ ಕಾವ್ಯ ಓದುವವರಿಗೆ ‘ಕ್ಲೋಮ್’ ಎಂಬ ರೂಪ ಎದುರಾದರೆ ಗಾಬರಿ ಬೇಡ, ಅದು ಇದರದೇ ಹಳೆಯ ಭೂತಕಾಲ. ಈಗ ಎಲ್ಲರೂ ಕ್ಲೈಂಬ್ಡ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ನೀವೂ ಅದನ್ನೇ ಬರೆಯಿರಿ.

ಈಗ ರಸ ಇರುವ ಜಾಗಕ್ಕೆ ಬರುತ್ತೇನೆ. ಕ್ಲಿಂಬನ್‌ನ ಮೂಲದಲ್ಲಿ ಇದ್ದ ಚಿತ್ರ ಬರೇ ‘ಮೇಲೆ ಹೋಗು’ ಅಲ್ಲ, ‘ಅಂಟಿಕೊಂಡು ಮೇಲೆ ಹೋಗು’. ಜರ್ಮನಿನಲ್ಲಿ ಅದರ ಸೋದರ ಪದ ‘ಕ್ಲಿಮ್ಮೆನ್’. ಅಲ್ಲಿ ಬಕಾರದ ದನಿಯೂ ಹೋಯಿತು, ಅಕ್ಷರವೂ ಹೋಯಿತು. ಅಂಟು ಅನ್ನುವುದಕ್ಕೆ ಜರ್ಮನರು ‘ಕ್ಲೇಬೆನ್’ ಅನ್ನುತ್ತಾರೆ. ಪದಗಳ ಬೇರು ಹುಡುಕುವ ವಿದ್ವಾಂಸರು ಕ್ಲೈಂಬ್ ಪದವನ್ನು ಈ ಅಂಟುವ ಪದಗಳ ಗುಂಪಿಗೇ ಜೋಡಿಸುತ್ತಾರೆ. ಅಂದರೆ ಮೊದಲು ಕೈಕಾಲು ಮರಕ್ಕೋ ಬಂಡೆಗೋ ಕಚ್ಚಿಕೊಳ್ಳಬೇಕು, ಮೇಲೆ ಹೋಗುವುದು ಅದರ ಹಿಂದೆ ಬರುವ ಫಲ.

ಇದನ್ನು ಕೇಳಿದ ಕೂಡಲೇ ನಮ್ಮ ಕಡೆಯವರಿಗೆ ಏನೋ ನೆನಪಾಗಬೇಕು. ‘ಹತ್ತು’ ಪದದ ಜೀವವೂ ಅಲ್ಲೇ ಇದೆ. ಹಳಗನ್ನಡದಲ್ಲಿ ಇದು ‘ಪತ್ತು’. ತಮಿಳಿನಲ್ಲಿ ಹಿಡಿ, ಅಂಟು ಎಂಬ ಅರ್ಥದ ಪದ ಇದರ ಒಡಹುಟ್ಟು. ನಮ್ಮ ಧಾರವಾಡದ ಕಾಲೇಜಿಗೆ ಹೆಸರಾದ ಕಿಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟು ಗ್ರಂಥಾಲಯದಲ್ಲಿ ಸಿಕ್ಕರೆ ‘ಹತ್ತು’ ಇರುವ ಪುಟ ತೆಗೆಯಿರಿ. ಅಂಟು, ಸೇರು, ತಗಲು ಎಂಬ ಅರ್ಥಗಳ ಸಾಲೇ ಸಿಗುತ್ತದೆ. ನಿಘಂಟು ಬೇಡ ಅಂದರೆ ಅಡಿಗೆ ಮನೆಗೆ ಹೋಗಿರಿ. ಅನ್ನ ತಳ ಹತ್ತಿತು. ಒಲೆ ಹತ್ತಿತು. ಮಗ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಮಗನಿಗೆ ಮೊಬೈಲ್ ಚಟ ಹತ್ತಿದೆ. ನಿದ್ದೆ ಹತ್ತಿತು. ಬೆಂಗಳೂರಿಗೆ ಏಳು ತಾಸು ಹತ್ತುತ್ತದೆ. ನಾಯಿ ಬೆನ್ನು ಹತ್ತಿತು. ಇವುಗಳಲ್ಲಿ ಯಾವುದರಲ್ಲೂ ಮೇಲೆ ಹೋಗುವ ಮಾತೇ ಇಲ್ಲ, ಎಲ್ಲದರಲ್ಲೂ ಒಂದಕ್ಕೊಂದು ತಗಲಿಕೊಳ್ಳುವುದು ಇದೆ. ಇದರ ಪ್ರೇರಣಾರ್ಥಕ ‘ಹಚ್ಚು’. ದೀಪ ಹಚ್ಚುತ್ತೇವೆ, ಬಣ್ಣ ಹಚ್ಚುತ್ತೇವೆ, ಮಗುವನ್ನು ಸಾಲಿಗೆ ಹಚ್ಚುತ್ತೇವೆ. ತಗಲುವಂತೆ ಮಾಡುವುದೇ ಹಚ್ಚುವುದು.

ಅಷ್ಟಕ್ಕೇ ನಿಲ್ಲದೆ ಉತ್ತರ ಕರ್ನಾಟಕದ ಕನ್ನಡ ಈ ಪದಕ್ಕೆ ವ್ಯಾಕರಣದಲ್ಲಿ ನೌಕರಿಯನ್ನೇ ಕೊಟ್ಟಿದೆ. ‘ಮಳಿ ಬರಾಕತ್ತೈತಿ’ ಅನ್ನುತ್ತೇವಲ್ಲ, ಬಿಡಿಸಿದರೆ ‘ಬರಾಕ ಹತ್ತೈತಿ’. ‘ಓದ್ಲಿಕ್ಕತ್ತೀನಿ’ ಬಿಡಿಸಿದರೆ ‘ಓದಲಿಕ್ಕೆ ಹತ್ತೀನಿ’. ಮೈಸೂರು ಕಡೆಯವರು ‘ಬರ್ತಾ ಇದೆ’ ಅನ್ನುವಲ್ಲಿ ನಾವು ಮಳೆಯನ್ನು ಬರುವ ಕೆಲಸಕ್ಕೆ ಹತ್ತಿಸಿಬಿಟ್ಟಿದ್ದೇವೆ. ಬೆಂಗಳೂರಿನ ಟಿವಿಯಲ್ಲಿ ನಮ್ಮ ‘ಹತ್ತೈತಿ’ಯನ್ನು ನಗೆ ತರಿಸಲಿಕ್ಕೆ ಬಳಸುತ್ತಾರೆ. ಕ್ರಿಯೆಗೆ ಅಂಟಿಕೊಂಡವನನ್ನು ಇಷ್ಟು ಸರಿಯಾಗಿ ತೋರಿಸುವ ವರ್ತಮಾನಕಾಲ ಅವರಲ್ಲಿ ಇಲ್ಲ ಅನ್ನುವುದು ನನ್ನ ಖಾಸಗಿ ಅಭಿಪ್ರಾಯ.

‘ಏರು’ ಹಾಗಲ್ಲ. ಅದಕ್ಕೆ ತಗಲುವುದು ಬೇಕಿಲ್ಲ, ಮಟ್ಟ ಮೇಲೆ ಹೋದರೆ ಸಾಕು. ಬೆಲೆ ಏರುತ್ತದೆ, ಜ್ವರ ಏರುತ್ತದೆ, ನಶೆ ಏರುತ್ತದೆ, ಪಿತ್ತ ನೆತ್ತಿಗೇರುತ್ತದೆ, ದನಿ ಏರುತ್ತದೆ. ‘ಜ್ವರ ಹತ್ತಿತು’ ಅಂದರೆ ಜ್ವರ ಬಂತು, ‘ಜ್ವರ ಏರಿತು’ ಅಂದರೆ ಬಂದಿದ್ದ ಜ್ವರ ನೂರರಿಂದ ನೂರಾಮೂರಕ್ಕೆ ಹೋಯಿತು. ಡಾಕ್ಟರ ಮುಂದೆ ಈ ಎರಡರಲ್ಲಿ ಅದಲುಬದಲು ಮಾಡುವವರು ನಮ್ಮಲ್ಲಿ ಯಾರೂ ಇಲ್ಲ.

ಇದಕ್ಕೆ ಪುರಾವೆ ಬೇಕಾದರೆ ನಮ್ಮ ರಸ್ತೆಯಲ್ಲೇ ಓಡಾಡುತ್ತಿದೆ. ಹುಬ್ಬಳ್ಳಿ-ಧಾರವಾಡ ನಡುವೆ ಬಸ್ಸಿಗೇ ಮೀಸಲಾದ ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ‘ಚಿಗರಿ’ ಬಸ್ಸಿನ ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇದೆ. ಬಾಗಿಲು ತೆಗೆದರೆ ಪಡಸಾಲೆಯಿಂದ ಕೋಣೆಗೆ ಹೋದಂತೆ ಒಳಗೆ ಹೋಗಬಹುದು, ಒಂದು ಮೆಟ್ಟಿಲೂ ಇಲ್ಲ. ಆದರೂ ನಾವು ‘ಚಿಗರಿ ಹತ್ತಿ ಬಂದೆ’ ಅನ್ನುತ್ತೇವೆ. ‘ಚಿಗರಿ ಏರಿ ಬಂದೆ’ ಅಂದರೆ ನಾಟಕದ ಮಾತಿನಂತೆ ಕೇಳುತ್ತದೆ. ಇಲ್ಲಿ ಮೇಲೆ ಹೋಗುವುದು ಒಂದು ಇಂಚೂ ಇಲ್ಲ, ಹತ್ತುವುದು ಮಾತ್ರ ಪೂರ್ತಿ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಗಾಟ್ ಆನ್’ ಸಾಕು. ಎತ್ತರದ ಲಾರಿಯ ಕ್ಯಾಬಿನ್ನಿಗೆ ಹಿಡಿಕೆ ಹಿಡಿದು ಹೋಗಬೇಕಾದರೆ ಆಗ ‘ಕ್ಲೈಂಬ್ಡ್ ಇಂಟು’ ಅನ್ನುತ್ತಾರೆ, ಯಾಕೆಂದರೆ ಅಲ್ಲಿ ಕೈಗೂ ಕೆಲಸ ಇದೆ.

ಕೈಗೆ ಕೆಲಸ ಇರುವುದು, ಮೇಲೆ ಹೋಗುವುದು ಎಂಬ ಈ ಎರಡು ಸಂಗತಿಗಳ ಮೇಲೆ ಭಾಷಾವಿಜ್ಞಾನಿಗಳು ದೊಡ್ಡ ಚರ್ಚೆಯನ್ನೇ ನಡೆಸಿದ್ದಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾರ್ಲ್ಸ್ ಫಿಲ್ಮೋರ್ ಇದನ್ನು ಎತ್ತಿದರು, 1985ರಲ್ಲಿ ರೇ ಜಾಕೆಂಡಾಫ್ ಈ ಒಂದೇ ಪದದ ಮೇಲೆ ಪೂರ್ತಿ ಪ್ರಬಂಧ ಬರೆದರು. ಅವರ ಉದಾಹರಣೆಯಲ್ಲಿ ಇರುವವು ಕೋತಿ, ಬಸವನಹುಳು, ಧ್ವಜದ ಕಂಬ. ನಾನು ಕೋತಿಯ ಬದಲು ನಮ್ಮ ಹುಡುಗರನ್ನು ತರುತ್ತೇನೆ.

ಮಲ್ಲಕಂಬ ನೋಡಿದ್ದೀರಲ್ಲ. ಹರಳೆಣ್ಣೆ ಸವರಿದ ಕಟ್ಟಿಗೆಯ ಕಂಬ. ಹುಡುಗ ಓಡಿ ಬಂದು ತೊಡೆಯಿಂದ ಅದನ್ನು ಕಚ್ಚುತ್ತಾನೆ, ಬಗಲಲ್ಲಿ ಅವುಚುತ್ತಾನೆ, ಎರಡೇ ಏಟಿಗೆ ತುದಿ ಮುಟ್ಟುತ್ತಾನೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ತಲೆ ಕೆಳಗಾಗಿ, ಕಾಲಿನ ಹಿಡಿತ ಒಂದೊಂದೇ ಬದಲಿಸುತ್ತ ನೆಲಕ್ಕೆ ಬರುತ್ತಾನೆ. ಮೇಲೆ ಹೋದದ್ದಕ್ಕೆ ಇಂಗ್ಲಿಷಿನವರು ‘ಕ್ಲೈಂಬ್ಡ್ ಅಪ್’ ಅನ್ನುತ್ತಾರೆ. ಕೆಳಗೆ ಬಂದದ್ದಕ್ಕೆ? ‘ಕ್ಲೈಂಬ್ಡ್ ಡೌನ್’. ನಮಗೆ ಇದು ವಿಚಿತ್ರ. ‘ಹತ್ತಿ ಇಳಿದ’ ಅಂದರೆ ಎರಡು ಕೆಲಸ ಆಯಿತು, ‘ಕೆಳಗೆ ಹತ್ತಿದ’ ಅನ್ನುವ ಕನ್ನಡವೇ ಇಲ್ಲ. ಇಂಗ್ಲಿಷಿಗೆ ಸಾಧ್ಯ ಆಗುವುದು ಹೇಗೆ ಅಂದರೆ, ಹಿಡಿದು ಹಿಡಿದು ಸಾಗುವ ಕೆಲಸ ಇಳಿಯುವಾಗಲೂ ಹಾಗೇ ಉಳಿದಿದೆ. ‘ಮೇಲೆ’ ಹೋಯಿತು, ‘ಹಿಡಿತ’ ಉಳಿಯಿತು. ಒಂದು ಉಳಿದರೂ ಪದ ನಡೆಯುತ್ತದೆ.

ಈಗ ಬಸವನಹುಳು. ಧಾರವಾಡದ ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಗೆ ಇವು ಬೇಕಾದಷ್ಟು. ಕೈಯಿಲ್ಲ, ಕಾಲಿಲ್ಲ, ಹೊಟ್ಟೆಯೇ ಪಾದ, ಲೋಳೆಯ ಮೇಲೆ ಜಾರುತ್ತ ಹೋಗುತ್ತದೆ. ಅದು ಗೋಡೆಯ ಮೇಲೆ ಹೋದರೆ ‘ದ ಸ್ನೇಲ್ ಕ್ಲೈಂಬ್ಡ್ ಅಪ್ ದ ವಾಲ್’ ಸರಿ. ಹಿಡಿಯುವ ಕೈಕಾಲು ಇಲ್ಲದಿದ್ದರೂ ಮೇಲೆ ಹೋಗುವುದು ಇದೆ. ಅದೇ ಹುಳು ತಿರುಗಿ ಕೆಳಗೆ ಬಂದರೆ? ‘ಕ್ಲೈಂಬ್ಡ್ ಡೌನ್’ ಅಂದರೆ ಇಂಗ್ಲಿಷ್ ಕಿವಿಗೆ ಒಪ್ಪುವುದಿಲ್ಲ, ‘ಕ್ರಾಲ್ಡ್ ಡೌನ್’ ಅನ್ನಬೇಕು. ಯಾಕೆ? ಹಿಡಿತವೂ ಇಲ್ಲ, ಮೇಲೂ ಇಲ್ಲ. ಎರಡೂ ಹೋದ ಮೇಲೆ ಪದಕ್ಕೆ ನಿಲ್ಲಲು ನೆಲವೇ ಉಳಿಯಲಿಲ್ಲ.

ನಿಯಮ ಇಷ್ಟೇ: ಎರಡೂ ಇದ್ದರೆ ಅಪ್ಪಟ ಕ್ಲೈಂಬ್, ಒಂದು ಇದ್ದರೂ ನಡೆಯುತ್ತದೆ, ಎರಡೂ ಇಲ್ಲದಿದ್ದರೆ ಇಲ್ಲ. ಇದನ್ನು ಬೋರ್ಡಿನ ಮೇಲೆ ಬರೆದು ಒಂದು ತಾಸು ಉದಾಹರಣೆ ಹಾಕಿಸಿದರೆ ಒಂಬತ್ತನೆಯ ತರಗತಿಯ ಮಕ್ಕಳೂ ಬಿಡಿಸುತ್ತಾರೆ. ಡೇರೆಯೊಳಗೆ ನುಸುಳಿದವನು ‘ಕ್ಲೈಂಬ್ಡ್ ಇಂಟು ದ ಟೆಂಟ್’ ಯಾಕೆ? ಮೇಲೆ ಹೋಗಲಿಲ್ಲ, ಆದರೆ ಕೈಕಾಲು ಮಡಚಿ ಒದ್ದಾಡಿದ. ಅವಸರದಲ್ಲಿ ಪ್ಯಾಂಟ್ ಹಾಕಿಕೊಂಡವನಿಗೂ ‘ಕ್ಲೈಂಬ್ಡ್ ಇಂಟು ಹಿಸ್ ಟ್ರೌಸರ್ಸ್’ ಅನ್ನುತ್ತಾರೆ. ನಾವು ಅಲ್ಲಿ ‘ಪ್ಯಾಂಟ್ ಏರಿಸಿಕೊಂಡು ಹೊಂಟ’ ಅನ್ನುತ್ತೇವೆ. ನೋಡಿ, ಇಂಗ್ಲಿಷಿನವನು ಹಿಡಿತದ ಕಡೆಯಿಂದ ಬಂದ, ನಾವು ಏರಿಕೆಯ ಕಡೆಯಿಂದ ಬಂದೆವು, ಇಬ್ಬರೂ ಅದೇ ಪ್ಯಾಂಟಿನಲ್ಲಿದ್ದೇವೆ.

ವಿಮಾನದ ಕಥೆ ಇದರ ಉಲ್ಟಾ. ಹುಬ್ಬಳ್ಳಿಯ ಗೋಕುಲ ರೋಡಿನಿಂದ ಎದ್ದ ವಿಮಾನ ‘ಕ್ಲೈಂಬ್ಸ್’. ಅದಕ್ಕೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ, ಮೇಲೆ ಹೋಗುವುದೊಂದೇ. ಹಾಗಾಗಿ ಇಳಿಯುವ ವಿಮಾನಕ್ಕೆ ‘ಕ್ಲೈಂಬ್ ಡೌನ್’ ಎಂದೂ ಅನ್ನುವುದಿಲ್ಲ, ‘ಡಿಸೆಂಡ್’ ಅನ್ನುತ್ತಾರೆ. ವಿಮಾನಯಾನದಲ್ಲಿ ಈ ಎರಡು ಪದಗಳು ಯಂತ್ರದ ಬಾಯಲ್ಲೂ ಕೂತಿವೆ. ಎರಡು ವಿಮಾನಗಳು ಡಿಕ್ಕಿಯಾಗುವ ದಾರಿಯಲ್ಲಿದ್ದರೆ ‘ಟಿಕ್ಯಾಸ್’ ಎಂಬ ಉಪಕರಣ ಒಬ್ಬ ಪೈಲಟ್‌ಗೆ ‘ಕ್ಲೈಂಬ್, ಕ್ಲೈಂಬ್’ ಅಂತ, ಇನ್ನೊಬ್ಬನಿಗೆ ‘ಡಿಸೆಂಡ್, ಡಿಸೆಂಡ್’ ಅಂತ ಕೂಗಿ ಹೇಳುತ್ತದೆ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗೆನ್ ಮೇಲೆ ರಷ್ಯಾದ ಪ್ರಯಾಣಿಕರ ವಿಮಾನಕ್ಕೆ ಯಂತ್ರ ಕ್ಲೈಂಬ್ ಅಂದಿತು, ನೆಲದ ಮೇಲಿನ ನಿಯಂತ್ರಕರು ಡಿಸೆಂಡ್ ಅಂದರು. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಎದುರಿನ ಸರಕು ವಿಮಾನಕ್ಕೆ ಅದರ ಯಂತ್ರ ಡಿಸೆಂಡ್ ಅಂದಿತ್ತು, ಅದು ಯಂತ್ರದ ಮಾತು ಕೇಳಿ ಇಳಿಯಿತು. 71 ಜನ ಸತ್ತರು, ಬಹಳಷ್ಟು ಮಕ್ಕಳು. ಯಂತ್ರ ಒಂದು ಹೇಳಿ ನಿಯಂತ್ರಕ ಇನ್ನೊಂದು ಹೇಳಿದರೆ ಯಂತ್ರದ ಮಾತನ್ನೇ ಕೇಳಬೇಕು ಅನ್ನುವುದನ್ನು ಆ ಮೇಲೆ ಜಗತ್ತಿನಾದ್ಯಂತ ಒತ್ತಿ ಹೇಳಲಾಯಿತು.

ರೈಲು ನಡುವೆ ಎಲ್ಲೋ ನಿಲ್ಲುತ್ತದೆ. ಗೋವಾ ಕಡೆಯ ಕುಳೆಯಿಂದ ಕ್ಯಾಸಲ್‌ರಾಕ್‌ಗೆ ಬರುವ ಘಟ್ಟದ ಹಳಿಯಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ರಸ್ತೆಗೆ ಇದು ಏನೂ ಅಲ್ಲ, ಕಬ್ಬಿಣದ ಗಾಲಿಗೆ ಕಬ್ಬಿಣದ ಹಳಿಯ ಮೇಲೆ ಇದು ದೊಡ್ಡ ಚಡಾವು. ಹೆಚ್ಚಿನ ಎಂಜಿನ್ ಹಚ್ಚಿಯೇ ಗಾಡಿಯನ್ನು ಮೇಲೆ ತರುತ್ತಾರೆ. ಇಲ್ಲಿ ‘ದ ಟ್ರೇನ್ ಕ್ಲೈಂಬ್ಡ್ ದ ಘಾಟ್’ ಅನ್ನಬಹುದು, ಗಾಲಿ ಹಳಿಗೆ ತಗಲಿದೆ. ‘ದ ಪ್ಲೇನ್ ಕ್ಲೈಂಬ್ಡ್ ದ ಘಾಟ್’ ಅಂದರೆ ತಪ್ಪು. ಕ್ಲೈಂಬ್ ಮುಂದೆ ಅಪ್ ಇಲ್ಲದೆ ನೇರ ಕರ್ಮಪದ ಬಂದರೆ ಅದನ್ನು ಮುಟ್ಟಿಕೊಂಡೇ ಹೋಗಿರಬೇಕು, ಸಾಮಾನ್ಯವಾಗಿ ತುದಿಯನ್ನೂ ಮುಟ್ಟಿರಬೇಕು. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ‘ಕ್ಲೈಂಬ್ಡ್ ಎವರೆಸ್ಟ್’. ಅರ್ಧಕ್ಕೆ ತಿರುಗಿ ಬಂದವರೂ ‘ಕ್ಲೈಂಬ್ಡ್ ಆನ್ ಎವರೆಸ್ಟ್’ ಅಂತ ಹೇಳಿಕೊಳ್ಳಬಹುದು, ಸುಳ್ಳಲ್ಲ. ಬಯೋಡೇಟಾ ಓದುವಾಗ ಆ ಸಣ್ಣ ‘ಆನ್’ ಮೇಲೆ ಕಣ್ಣಿರಲಿ.

ಸಸ್ಯಗಳ ಮಾತಿಗೆ ಬಂದರೆ ಹಾವೇರಿ ಜಿಲ್ಲೆಯ ಸವಣೂರಿಗೇ ಹೋಗಬೇಕು. ಅಲ್ಲಿಯ ವೀಳ್ಯದೆಲೆ ತೋಟದಲ್ಲಿ ಒಮ್ಮೆ ಬಳ್ಳಿಯನ್ನು ಹತ್ತಿರದಿಂದ ನೋಡಿರಿ. ಆಸರೆಗೆ ಚೊಗಚಿಯೋ ನುಗ್ಗಿಯೋ ಇರುತ್ತದೆ. ಬಳ್ಳಿಯ ಒಂದೊಂದು ಗೆಣ್ಣಿನಿಂದಲೂ ಸಣ್ಣ ಸಣ್ಣ ಬೇರುಗಳ ಕುಚ್ಚು ಹೊರಟು ತೊಗಟೆಗೆ ಕಚ್ಚಿಕೊಂಡಿರುತ್ತದೆ. ಬೆರಳಿನಿಂದ ಬಿಡಿಸಲು ಹೋದರೆ ಚರಕ್ ಅಂತ ಸಣ್ಣ ಸಪ್ಪಳ ಮಾಡಿ ಬರುತ್ತದೆ, ತೊಗಟೆಯ ಮೇಲೆ ಗುರುತು ಬಿಟ್ಟು. ಎಳೆಯ ಬಳ್ಳಿ ತಾನಾಗಿ ಹಿಡಿಯುವ ತನಕ ತೋಟದವರು ಬಾಳೆ ನಾರಿನಿಂದ ಕಟ್ಟುತ್ತಾರೆ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಹಬ್ಬುವ ಸಸ್ಯಗಳ ಚಲನೆಯ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದ. ಸುತ್ತಿಕೊಳ್ಳುವವು, ಎಲೆಯಿಂದ ಹಿಡಿಯುವವು, ಕುಡಿಬಳ್ಳಿ ಚಾಚುವವು, ಕೊಕ್ಕೆ ಹಾಕುವವು, ಬೇರಿನಿಂದ ಅಂಟುವವು ಎಂದು ವಿಂಗಡಿಸಿದ. ಇಂಗ್ಲಿಷಿನಲ್ಲಿ ಇವೆಲ್ಲ ‘ಕ್ಲೈಂಬರ್’. ಹೀರೆ, ಅವರೆ ಹಂದರಕ್ಕೆ ‘ಹಬ್ಬುತ್ತವೆ’ ಅನ್ನುವ ನಾವು ಎಲೆಬಳ್ಳಿಗೆ ಮಾತ್ರ ‘ಗಿಡ ಹತ್ತೈತಿ’ ಅಂದರೆ ಅದು ಎರಡೂ ಅರ್ಥದಲ್ಲಿ ನಿಜ, ಅಂಟಿದೆ ಮತ್ತು ಮೇಲೆ ಹೋಗಿದೆ. ಬಳ್ಳಿ ತೀರ ಎತ್ತರ ಹೋದಾಗ ಅದನ್ನು ಬಿಡಿಸಿ, ಸುರುಳಿ ಮಾಡಿ ಬುಡಕ್ಕೆ ಇಳಿಸಿ ಮಣ್ಣು ಕೊಡುತ್ತಾರೆ, ಅಲ್ಲಿಂದ ಮತ್ತೆ ಚಿಗುರುತ್ತದೆ. ಆ ಇಳಿಕೆಗೆ ಕ್ಲೈಂಬ್ ಡೌನ್ ಬಾರದು. ಬಸವನಹುಳುವಿನ ಪಾಡೇ ಬಳ್ಳಿಗೂ.

ಇಲ್ಲಿ ಎರಡು ಭ್ರಮೆ ಬಿಡಿಸಬೇಕು. ಕ್ಲೈಮ್ಯಾಕ್ಸ್, ಕ್ಲೈಮೇಟ್ ಇವು ಕ್ಲೈಂಬ್‌ನ ಬಂಧುಗಳು ಅಂತ ಹುಡುಗರು ತಿಳಿಯುತ್ತಾರೆ. ಅಲ್ಲ. ಅವು ಗ್ರೀಕ್ ಮನೆತನ, ವಾಲು ಅನ್ನುವ ಪದದಿಂದ ಬಂದವು. ಕ್ಲೈಮ್ಯಾಕ್ಸ್ ಅಂದರೆ ಗ್ರೀಕಿನಲ್ಲಿ ಏಣಿ. ಗೋಡೆಗೆ ವಾಲಿಸಿ ಇಡುವುದೇ ಏಣಿ ತಾನೇ. ಸಿನೆಮಾದ ಕೊನೆಯ ಫೈಟ್ ಏಣಿಯ ತುದಿ. ‘ಸ್ಕೇಲ್’ ಎಂಬುದು ಲ್ಯಾಟಿನ್ನಿನ ಏಣಿ, ಸಂಗೀತದ ಸ್ಕೇಲ್ ಕೂಡ ಆ ಏಣಿಯೇ. ಸ್ವರದ ಏಣಿಗೆ ಧಾರವಾಡದಲ್ಲಿ ವ್ಯಾಖ್ಯಾನ ಬೇಡ. ಆದರೆ ನಮ್ಮ ಏಣಿ ಮೇಲೆ ಹೋಗುವಾಗ ಒಂದು, ಇಳಿಯುವಾಗ ಇನ್ನೊಂದು. ಭೀಮಪಲಾಸಿ ರಾಗದ ಆರೋಹದಲ್ಲಿ ರಿ, ಧ ಬಿಟ್ಟು ಹೋಗುತ್ತೇವೆ, ಅವರೋಹದಲ್ಲಿ ಏಳೂ ಮೆಟ್ಟಿಲು ಮುಟ್ಟಿ ಬರುತ್ತೇವೆ.

ಆರೋಹ ಅಂದಾಗ ಸಂಸ್ಕೃತದ ‘ರುಹ್’ ಧಾತು ಬಂತು. ಅದರ ಮೂಲದಲ್ಲಿ ಬೆಳೆಯುವ ಅರ್ಥವಿದೆ, ಗಿಡ ಮೇಲೆ ಬಂದಂತೆ. ಆರೋಹಣ, ಪರ್ವತಾರೋಹಿ, ರೂಢಿ ಎಲ್ಲ ಅದರ ಮಕ್ಕಳು. ಹುಬ್ಬಳ್ಳಿಯವರ ಬಾಯಲ್ಲಿ ದಿನಾ ಇರುವ ‘ಸಿದ್ಧಾರೂಢ’ ಹೆಸರಿನ ‘ಆರೂಢ’ವೂ ಅದೇ, ಏರಿ ಅಲ್ಲೇ ನೆಲೆ ನಿಂತವನು. ರೈಲು ನಿಲ್ದಾಣಕ್ಕೆ ಆ ಹೆಸರೇ ಇಟ್ಟಿದ್ದೇವೆ. ಹೆಸರಿನಲ್ಲಿ ಏರಿಕೆ, ಕೆಳಗೆ 1,507 ಮೀಟರಿನ ಸಪಾಟು ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದನೆಯದು. ಒಂದನೇ ಡಬ್ಬಿಯಿಂದ ಕೊನೆಯ ಡಬ್ಬಿಗೆ ನಡೆದವರಿಗೆ ಸಾಧನೆಯ ಅರ್ಥ ಗೊತ್ತಾಗುತ್ತದೆ.

ಪತ್ರಿಕೆ ಓದುವವರಿಗೆ ಎರಡು ಮಾತು. ‘ಪ್ರೈಸಸ್ ರೋಸ್’ ಅಂದರೆ ಏರಿತು, ಹೇಗೆ ಏರಿತು ಅಂತಿಲ್ಲ. ‘ಕ್ಲೈಂಬ್ಡ್’ ಅಂದರೆ ಮೆಟ್ಟಿಲು ಮೆಟ್ಟಿಲಾಗಿ, ಬಿಡದೆ ಏರಿತು. ಒಂದೇ ರಾತ್ರಿಯಲ್ಲಿ ಬಂಗಾರ ಹಾರಿದರೆ ‘ಜಂಪ್ಡ್’. ಸೂರ್ಯನಿಗೂ ಇದೇ ಲೆಕ್ಕ. ‘ರೈಸಸ್’ ಅಂದರೆ ದಿಗಂತದಲ್ಲಿ ಮೂಡುವುದು, ಆಮೇಲೆ ಮಧ್ಯಾಹ್ನದ ತನಕ ‘ಕ್ಲೈಂಬ್ಸ್’. ಕನ್ನಡ ಇದನ್ನು ಬಲು ಚೆಂದ ಮಾಡಿದೆ: ಹೊತ್ತು ಮೂಡಿತು, ಹೊತ್ತು ಏರಿತು. ಹೊತ್ತೇರಿದ ಮೇಲೆ ಎದ್ದವನಿಗೆ ಬೈಗುಳ ಖಾತ್ರಿ.

‘ಗವರ್ನ್‌ಮೆಂಟ್ ಕ್ಲೈಂಬ್ಸ್ ಡೌನ್’ ಎಂಬ ತಲೆಬರಹವನ್ನು ‘ಸರಕಾರ ಕೆಳಗಿಳಿಯಿತು’ ಎಂದು ಅನುವಾದಿಸಿದರೆ ರಾಜೀನಾಮೆಯ ಸುದ್ದಿ ಆಗಿಬಿಡುತ್ತದೆ. ಅದು ‘ಪಟ್ಟು ಸಡಿಲಿಸಿತು’. ಪಟ್ಟು ಕುಸ್ತಿ ಕಣದ ಮಾತು, ಅಲ್ಲೂ ಹಿಡಿತವೇ. ‘ಸೋಷಿಯಲ್ ಕ್ಲೈಂಬರ್’ ಅನ್ನುವುದು ಬೈಗುಳ. ದೊಡ್ಡವರಿಗೆ ಜೋತುಬಿದ್ದು ಮೇಲೆ ಹೋಗುವವನು ಅವನು. ಇಲ್ಲಿ ಅಂಟುವ ಹಳೆಯ ಅರ್ಥ ಪೂರ್ತಿ ಜೀವಂತ ಇದೆ. ನಮ್ಮ ಭಾಷೆಯಲ್ಲಿ ಅಂಥವನು ‘ಹತ್ತಿದ ಏಣಿ ಒದೆಯುವವನು’. ಹೊಗಳಿ ಅಟ್ಟಕ್ಕೇರಿಸುವುದಕ್ಕೆ ಮರಾಠಿಯವರು ಹರಬರಿ ಗಿಡದ ಮೇಲೆ ಹತ್ತಿಸುವುದು ಅನ್ನುತ್ತಾರೆ. ಕಡಲೆ ಗಿಡ ಮೊಣಕಾಲೆತ್ತರ ಬೆಳೆದರೆ ಹೆಚ್ಚು. ಅದನ್ನು ಹತ್ತಿದ್ದೇನೆ ಅಂದುಕೊಂಡವನ ಮುಖ ನೆನೆಸಿಕೊಳ್ಳಿ.

ಬಂಡೆ ಹತ್ತುವ ಆಟದ ಬಗ್ಗೆ ಒಂದು ತಿದ್ದುಪಡಿ ಮಾತ್ರ. ‘ಫ್ರೀ ಕ್ಲೈಂಬಿಂಗ್’ ಅಂದರೆ ಹಗ್ಗ ಇಲ್ಲದೆ ಹತ್ತುವುದು ಅಂತ ನಮ್ಮ ಪತ್ರಿಕೆಗಳು ಬರೆಯುತ್ತವೆ. ಹಗ್ಗ ಇರುತ್ತದೆ, ಬಿದ್ದರೆ ಹಿಡಿಯಲು. ಅದನ್ನು ಜಗ್ಗಿಕೊಂಡು ಮೇಲೆ ಹೋಗುವಂತಿಲ್ಲ, ಅಷ್ಟೇ. ಹಗ್ಗವೇ ಇಲ್ಲದ್ದು ‘ಫ್ರೀ ಸೋಲೊ’. 2017ರ ಜೂನ್ 3ರಂದು ಅಲೆಕ್ಸ್ ಹೊನೊಲ್ಡ್ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯನ್ನು ಹತ್ತಿದ್ದು ಹಾಗೆ.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆಗಳು. ಕ್ಲೈಂಬ್ ಅಂದ ಮೇಲೆ ‘ಅಪ್’ ಯಾಕೆ, ಅದು ಪುನರುಕ್ತಿ ಅಲ್ಲವೇ ಅಂತ ಒಬ್ಬ ಶಿಕ್ಷಕಿ ಕೇಳಿದರು. ಅಲ್ಲ. ‘ಕ್ಲೈಂಬ್ಡ್ ದ ಟ್ರೀ’ ಅಂದರೆ ಮರ ಮುಗಿಸಿದ ಎಂಬ ಭಾವ ಬರುತ್ತದೆ. ‘ಕ್ಲೈಂಬ್ಡ್ ಅಪ್ ದ ಟ್ರೀ’ ಅಂದರೆ ಎರಡು ಟೊಂಗೆ ಹೋಗಿ ನಿಂತಿದ್ದರೂ ಆದೀತು. ಅಪ್ ದಿಕ್ಕು ಹೇಳುತ್ತದೆ, ಗುರಿ ಹೇಳುವುದಿಲ್ಲ. ಇದಕ್ಕೆ ಅಂಕ ಕಳೆಯಬೇಡಿ.

ಇನ್ನೊಂದು ಪ್ರಶ್ನೆ ಬಿ.ಎ. ಹುಡುಗನದು: ಎಸ್ಕಲೇಟರ್ ಮೇಲೆ ಸುಮ್ಮನೆ ನಿಂತವನು ಕ್ಲೈಂಬ್ ಮಾಡುತ್ತಾನಾ? ಎಸ್ಕಲೇಟರ್ ಕೂಡ ಲ್ಯಾಟಿನ್ ಏಣಿಯ ವಂಶದ್ದೇ. 1900ರ ಆಸುಪಾಸಿನಲ್ಲಿ ಒಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿ ಹುಟ್ಟಿದ ಹೆಸರು. ಕಾಲ್‌ಸೆಂಟರಿನವರು ದಿನಾ ಅನ್ನುವ ‘ಎಸ್ಕಲೇಟ್’ ಅದರಿಂದ ಹಿಂದಕ್ಕೆ ಹುಟ್ಟಿತು. ಪ್ರಶ್ನೆಗೆ ಉತ್ತರ: ಇಲ್ಲ. ಮನುಷ್ಯನಿಗೆ ಕೈಕಾಲು ಇವೆ, ಅವಕ್ಕೆ ಕೆಲಸ ಕೊಡದೆ ಮೇಲೆ ಹೋದರೆ ಇಂಗ್ಲಿಷ್ ಅವನಿಗೆ ಕ್ಲೈಂಬ್ ಕೊಡುವುದಿಲ್ಲ, ‘ರೋಡ್ ಅಪ್’ ಅಥವಾ ‘ವೆಂಟ್ ಅಪ್’ ಅನ್ನುತ್ತದೆ. ನಿಂತಲ್ಲಿ ನಿಲ್ಲದೆ ಹೆಜ್ಜೆ ಹಾಕಿದರೆ ಕ್ಲೈಂಬ್ ಆಗುತ್ತದೆ. ‘ಹಾಗಾದರೆ ಕನ್ನಡದಾಗ?’ ಅಂದ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಊರ ಕಡೆಯಿಂದ ಬಂದ ಅಜ್ಜಿ ಸೀರೆ ನಿರಿಗೆ ಎತ್ತಿ ಹಿಡಿದು, ಹಲ್ಲಿನ ಮೆಟ್ಟಿಲು ನೋಡುತ್ತ ನಿಂತಿರುತ್ತಾಳೆ, ಮೊಮ್ಮಗ ‘ಹತ್ತಬೇ, ಹತ್ತು’ ಅನ್ನುತ್ತಿರುತ್ತಾನೆ. ಅವಳ ಪಾದ ಮೊದಲ ಹಲಗೆಗೆ ತಗಲಿದ ಕ್ಷಣಕ್ಕೆ ಹತ್ತಿದ್ದು ಮುಗಿಯಿತು. ಮುಂದೆ ಅವಳು ಬರೇ ಮೇಲೆ ಹೋಗುತ್ತಾಳೆ.